ಪ್ರತಿಕ್ರಿಯೆ: ಟಿವಿಯಲ್ಲಿ ಆಡುವಾಗ ಮಾತ್ರ ಬಟನ್ ತಡವಾಗುತ್ತಿದೆ

ನಿಧಾನವಾಗಿರುವುದು ನಿಮ್ಮ ಕೈಯಲ್ಲ, ಬಹುತೇಕ ಟಿವಿಯೇ ಚಿತ್ರವನ್ನು ತಡವಾಗಿ ತೋರಿಸುತ್ತಿದೆ. ಸ್ಟ್ರೀಟ್ ಫೈಟರ್ 6 ಎಂಬ ಹೊಡೆದಾಟದ ವಿಡಿಯೊ ಗೇಮ್‌ನಲ್ಲಿ ಎದುರಾಳಿಯ ಡ್ರೈವ್ ಇಂಪ್ಯಾಕ್ಟ್ ಎಂಬ ಭಾರಿ ಹೊಡೆತಕ್ಕೆ ಮಾನಿಟರ್ ಮುಂದೆ ತಿರುಗೇಟು ಕೊಡಲು ಆಗುತ್ತದೆ, ಟಿವಿಯಲ್ಲಿ ಆಗುವುದಿಲ್ಲ ಅಂದಿದ್ದೀರಲ್ಲ, ಅದೇ ದೊಡ್ಡ ಸುಳಿವು. ಆ ಹೊಡೆತ ತಾಗಲು 26 ಫ್ರೇಮ್ (ಆಟ ಸೆಕೆಂಡಿಗೆ ತೋರಿಸುವ 60 ಚಿತ್ರಗಳಲ್ಲಿ ಒಂದೊಂದೂ ಒಂದು ಫ್ರೇಮ್), ಅಂದರೆ ಸುಮಾರು 433 ಮಿಲಿಸೆಕೆಂಡ್. ಕಣ್ಣಿಗೆ ಕಂಡು ಬೆರಳು ಒತ್ತುವುದಕ್ಕೇ ಹೆಚ್ಚಿನವರಿಗೆ 200ರಿಂದ 250 ಮಿಲಿಸೆಕೆಂಡ್ ಬೇಕು. ಬೇರೆ ದಾಳಿಯನ್ನೂ ಗಮನಿಸುತ್ತಿದ್ದರೆ ಇನ್ನೂ ಜಾಸ್ತಿ. ಟಿವಿ ಮತ್ತೆ 100 ನುಂಗಿದರೆ ಆಟ ಮುಗಿಯಿತು.

ಮೊದಲು ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ (ಚಿತ್ರ ತಿದ್ದುವ ಕೆಲಸ ಕಡಿಮೆ ಮಾಡಿ ಬೇಗ ತೋರಿಸುವ ಸೆಟ್ಟಿಂಗ್) ಹಾಕಿ. ಕನ್ಸೋಲ್ ಇರುವ ಎಚ್‌ಡಿಎಂಐ ಪೋರ್ಟ್ ತೆರೆದಿರುವಾಗಲೇ ಹಾಕಿ, ಯಾಕೆಂದರೆ ಹಲವು ಟಿವಿಗಳು ಪ್ರತಿ ಪೋರ್ಟ್‌ಗೂ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತವೆ. ಮೋಷನ್ ಸ್ಮೂದಿಂಗ್ ಆಫ್ ಆಗಿದೆಯೇ ನೋಡಿ. ಅದು ಮುಂದಿನ ಫ್ರೇಮ್ ಬರುವವರೆಗೆ ಕಾದು ನಡುವೆ ಹೊಸ ಚಿತ್ರ ಸೇರಿಸುತ್ತದೆ, ತಡಕ್ಕೆ ಮುಖ್ಯ ಕಾರಣಗಳಲ್ಲಿ ಅದೂ ಒಂದು. ನೀವು ಮಾಡೆಲ್ ಬರೆದಿಲ್ಲ, ಹಾಗಾಗಿ ಮೆನುವಿನಲ್ಲಿ ಹೆಸರು ಬೇರೆ ಇರಬಹುದು.

ಆಮೇಲೆ ಆಟದ ಆಪ್ಷನ್ಸ್‌ನಲ್ಲಿ ಇನ್‌ಪುಟ್ ಡಿಲೇ ರಿಡಕ್ಷನ್ (ಬಟನ್ ತಡ ಕಡಿಮೆ ಮಾಡುವ ಆಯ್ಕೆ) ಆನ್ ಮಾಡಿ. ಶಬ್ದ ಕೇಳಿ ಒತ್ತುವ ಅಭ್ಯಾಸ ಇದ್ದರೆ ಶಬ್ದ ತಡವಾಗಿ ಬರುವ ಬ್ಲೂಟೂತ್ ಹೆಡ್‌ಫೋನ್ ಬಿಟ್ಟು ವೈರಿನದು ಬಳಸಿ.

ಫಲ ಸಿಕ್ಕಿತೋ ಇಲ್ಲವೋ ಅಂತ ಅಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ. ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಮೊಬೈಲ್‌ನಲ್ಲಿ 240 ಎಫ್‌ಪಿಎಸ್ (ಸೆಕೆಂಡಿಗೆ 240 ಫ್ರೇಮ್) ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಬಟನ್ ಒತ್ತಿದಲ್ಲಿಂದ ಪಾತ್ರ ಅಲುಗಾಡುವವರೆಗೆ ಆ ವಿಡಿಯೊದ ಫ್ರೇಮ್ ಎಣಿಸಿ, 4.2ರಿಂದ ಗುಣಿಸಿದರೆ ಮಿಲಿಸೆಕೆಂಡ್ ಬರುತ್ತದೆ. ಇದರಲ್ಲಿ ಆಟದ ಸ್ವಂತ ತಡವೂ ಸೇರಿರುತ್ತದೆ, ಆದ್ದರಿಂದ ಮಾನಿಟರ್‌ನಲ್ಲೂ ಹೀಗೇ ಅಳೆದು ಎರಡರ ವ್ಯತ್ಯಾಸ ಮಾತ್ರ ನೋಡಿ. 20 ಮಿಲಿಸೆಕೆಂಡ್‌ಗಿಂತ ಕಡಿಮೆ ಬಂದರೆ ಟಿವಿಯನ್ನು ದೂರುವುದು ಬಿಟ್ಟು, ಟ್ರೈನಿಂಗ್ ಮೋಡ್‌ನಲ್ಲಿ ಡಮ್ಮಿಗೆ (ಅಭ್ಯಾಸದ ಎದುರಾಳಿಗೆ) ಬೇರೆ ಬೇರೆ ಹೊಡೆತ ರೆಕಾರ್ಡ್ ಮಾಡಿ ರ‍್ಯಾಂಡಮ್ ಆಗಿ ಪ್ಲೇ ಮಾಡಿಸಿ ಅಭ್ಯಾಸ ಮಾಡಿ.