ಪೂಜೆಗೆ ಕೂತಾಗಲೇ ದೇವರ ಬಗ್ಗೆ ಅಸಹ್ಯ ಯೋಚನೆ ಬರುತ್ತದೆ, ಡಾಕ್ಟರು ಒಸಿಡಿ (ಬೇಡದ ಯೋಚನೆ ಪದೇ ಪದೇ ಕಾಡುವ ಗೀಳು ಕಾಯಿಲೆ) ಅಂದಿದ್ದಾರೆ. ತಡೆಯುವುದು ಹೇಗೆ?

ತಡೆಯಲು ಹೋಗಬೇಡಿ. ತಡೆದಷ್ಟೂ ಅದು ಜಾಸ್ತಿಯಾಗುತ್ತದೆ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ತಂಡ ಕೆಲವರಿಗೆ ‘ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ’ ಎಂದು ಹೇಳಿ ನೋಡಿತು. ಅವರಿಗೆ ಅದೇ ಮತ್ತೆ ಮತ್ತೆ ನೆನಪಾಯಿತು.

ಇಂಥ ಯೋಚನೆ ಒಸಿಡಿ ಇಲ್ಲದವರಿಗೂ ಬರುತ್ತದೆ. ಅವರು ‘ಏನೋ ಬಂತು’ ಅಂತ ಸುಮ್ನೆ ಬಿಡುತ್ತಾರೆ. ನಿಮಗೆ ದೇವರು ಅಂದರೆ ಅಷ್ಟು ಮುಖ್ಯ, ಅದಕ್ಕೇ ಚುಚ್ಚುತ್ತದೆ ಅಲ್ವಾ?

ನಿಜವಾದ ಕಾಟ ಆಮೇಲಿನದು. ಮತ್ತೆ ಸ್ನಾನ ಮಾಡುವುದು, ಕೆನ್ನೆ ಬಡಿದುಕೊಂಡು ‘ತಪ್ಪಾಯ್ತು’ ಅನ್ನುವುದು, ಮಂತ್ರವನ್ನು ಮೊದಲಿಂದ ಹೇಳುವುದು, ‘ನನಗೆ ಪಾಪ ಬರುತ್ತಾ?’ ಅಂತ ಮನೆಯವರನ್ನು ಪದೇ ಪದೇ ಕೇಳುವುದು. ಇವು ಆ ಕ್ಷಣಕ್ಕೆ ಸಮಾಧಾನ ಕೊಡುತ್ತವೆ. ಆದರೆ ಅಪಾಯ ನಿಜವಾಗಿಯೂ ಇತ್ತು ಅಂತ ಮಿದುಳು ನಂಬುತ್ತದೆ, ಮುಂದಿನ ಸಲ ಭಯ ಇನ್ನೂ ಗಟ್ಟಿಯಾಗಿ ಬರುತ್ತದೆ. ಹಾಗಾಗಿ ಯೋಚನೆ ಬಂದಾಗ ‘ಇದು ಒಸಿಡಿ’ ಅಂದುಕೊಂಡು ಪೂಜೆ ಮುಂದುವರಿಸಿ. ಕ್ಷಮೆ ಕೇಳಬೇಡಿ. ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ಇದನ್ನು ಅಭ್ಯಾಸ ಮಾಡಿದಂತೆ ಅದರ ಹಿಡಿತ ಸಡಿಲವಾಗುತ್ತದೆ. ಇಆರ್‌ಪಿ (ಭಯವನ್ನು ಎದುರಿಸಿ, ಅದಕ್ಕೆ ಮಾಡುವ ಪರಿಹಾರವನ್ನು ಬಿಡುವುದು) ಎಂಬ ಚಿಕಿತ್ಸೆಯ ತಿರುಳು ಇದೇ. ತರಬೇತಿ ಪಡೆದ ಚಿಕಿತ್ಸಕರ ಜೊತೆ, ಸುಲಭದ್ದರಿಂದ ಶುರು ಮಾಡುವುದು ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಕ್ಲಿನಿಕ್ ಇದೆ.

ಮಾತ್ರೆ ಕೊಟ್ಟಿದ್ದರೆ ಪೂರ್ತಿ ಪರಿಣಾಮ ಕಾಣಲು 8ರಿಂದ 12 ವಾರ ಬೇಕಾಗಬಹುದು. ನೀವಾಗಿಯೇ ನಿಲ್ಲಿಸಬೇಡಿ. ಬದುಕೇ ಬೇಡ ಅನಿಸಿದರೆ ಕಾಯಬೇಡಿ, ಹತ್ತಿರದವರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.