ಕೊಡಗಿನ ಮಳೆಗಾಲಕ್ಕೆ ಹತ್ತಿಯೋ ಪಾಲಿಯೆಸ್ಟರೋ? ಬಟ್ಟೆ ಒಣಗೋದು, ಬೂಷ್ಟು ಹಿಡಿಯೋದು ನೂಲಿಗೆ ತಕ್ಕ ಹಾಗೆ

ನೀವು ಬೆಂಗಳೂರು ಬಿಟ್ಟು ನಾಪೋಕ್ಲು ಹತ್ತಿರದ ಹಳೇ ಮನೆಗೆ ಬಂದಿದ್ದೀರಿ. ಜುಲೈನಲ್ಲಿ ಒಗೆದದ್ದು ನಾಲ್ಕು ದಿನವಾದರೂ ಒಣಗ್ತಿಲ್ಲ, ಬೀರು ತೆಗೆದರೆ ಮುಗ್ಗಲು ವಾಸನೆ. ಹತ್ತಿಯೇ ಒಳ್ಳೇದು ಅಂತ ಎಲ್ಲವನ್ನೂ ಹತ್ತಿಯಲ್ಲೇ ಕೊಂಡಿದ್ದು ತಪ್ಪಾಯ್ತಾ, ಕುಪ್ಯ (ಕೊಡವ ಗಂಡಸರ ಉದ್ದನೆ ನಿಲುವಂಗಿ) ಮತ್ತು ರೇಷ್ಮೆ ಸೀರೆ ಹೇಗಿಡೋದು ಅಂತ ಕೇಳಿದ್ದೀರಿ.

ಹತ್ತಿ ಕೊಂಡಿದ್ದು ತಪ್ಪಲ್ಲ, ದಪ್ಪ ನೂಲಿನ ಹತ್ತಿ ಕೊಂಡಿದ್ದರೆ ತಪ್ಪು. ನೈಸರ್ಗಿಕವೋ ಕೃತಕವೋ ಅನ್ನೋದನ್ನ ಸದ್ಯಕ್ಕೆ ಬದಿಗಿಡಿ. ಕಕ್ಕಡ ಮಾಸದ (ಜುಲೈ–ಆಗಸ್ಟ್) ಮಳೆಯಲ್ಲಿ ನೋಡಬೇಕಾದ್ದು, ನೀರು ಎಳೆಯ ಒಳಗೆ ಸೇರುತ್ತೋ, ಎಳೆಗಳ ಸಂದಿನಲ್ಲಿ ನಿಲ್ಲುತ್ತೋ ಅನ್ನೋದು.

ಎಳೆಯ ಒಳಗೆ ಸೇರುವ ತೇವಕ್ಕೆ ಅಳತೆ ಇದೆ. ಗಾಳಿಯಲ್ಲಿ ಶೇ. 65 ತೇವ, 20 ಡಿಗ್ರಿ ಉಷ್ಣತೆ ಇದ್ದಾಗ 100 ಗ್ರಾಂ ಪೂರ್ತಿ ಒಣಗಿದ ಉಣ್ಣೆ ಸುಮಾರು 16 ಗ್ರಾಂ ನೀರನ್ನ ಗಾಳಿಯಿಂದಲೇ ಹೀರುತ್ತೆ. ವಿಸ್ಕೋಸ್ (ಅಂದರೆ ರೇಯಾನ್) 13, ರೇಷ್ಮೆ 11, ಹತ್ತಿ 8, ನೈಲಾನ್ 4, ಅಕ್ರಿಲಿಕ್ 2ರ ಒಳಗೆ, ಪಾಲಿಯೆಸ್ಟರ್ ಬರೀ 0.4. ಗಾಳಿಯ ತೇವ ಶೇ. 90 ದಾಟಿದರೆ ಹತ್ತಿಯದು 13–14 ಗ್ರಾಂಗೆ ಏರುತ್ತೆ. ಹಾಗಾಗಿ ಅಂಥ ಕೋಣೆಯಲ್ಲಿ ಹತ್ತಿ ಶರ್ಟನ್ನ ಹತ್ತು ದಿನ ನೇತುಹಾಕಿದರೂ ಅದಕ್ಕಿಂತ ಕೆಳಗೆ ಒಣಗೋದೇ ಇಲ್ಲ. ಮುಟ್ಟಿದರೆ ತಣ್ಣಗೆ, ಜೋಲುಜೋಲಾಗಿ ಇರುತ್ತೆ. ಹಾಗೇ ಮಡಚಿ ಬೀರುವಿಗೆ ಹಾಕಿದರೆ ಬೂಷ್ಟು ಬರೋದು ಖಂಡಿತ.

ಇದಕ್ಕೆ ಮದ್ದು ಗಾಳಿಯನ್ನ ಕಾಯಿಸೋದು. 20 ಡಿಗ್ರಿಯಲ್ಲಿ ಶೇ. 90 ತೇವ ಇರುವ ಗಾಳಿಯನ್ನ 30 ಡಿಗ್ರಿಗೆ ಕಾಯಿಸಿದರೆ ಅದರ ತೇವ ಶೇ. 50ರ ಆಸುಪಾಸಿಗೆ ಇಳಿಯುತ್ತೆ, ನೀರು ಹೀರುವ ಶಕ್ತಿ ಮತ್ತೆ ಬರುತ್ತೆ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟುವ ಹಿರಿಯರ ಪದ್ಧತಿ ಇದೇ ಲೆಕ್ಕದ್ದು, ಈಗಲೂ ಅದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಕಾದ ಗಾಳಿ ಹೊರಗೆ ಹೋಗೋಕೆ ಮೇಲುಗಡೆ ಕಿಂಡಿ ಬೇಕು. ಇಲ್ಲದಿದ್ದರೆ ಆವಿ ಅಲ್ಲೇ ತಿರುಗಿ ಗೋಡೆಗೆ ಕೂರುತ್ತೆ. ಉರಿಗೂ ಬಟ್ಟೆಗೂ ಒಂದೂವರೆ ಮೀಟರ್ ಅಂತರ ಇರಲಿ. ಸಿಂಥೆಟಿಕ್ ಬಟ್ಟೆ ಅಲ್ಲಿ ಬೇಡವೇ ಬೇಡ, ಒಂದು ಕಿಡಿ ಬಿದ್ದರೂ ಕರಗಿ ತೂತು. ಮೆಷಿನ್ ಇದ್ದರೆ ಎರಡು ಸಲ ಸ್ಪಿನ್ ಮಾಡಿ. ಒಣಗಿದೆಯಾ ಅಂತ ಶರ್ಟಿನ ಬೆನ್ನು ಮುಟ್ಟಿ ನೋಡಬೇಡಿ. ಕಾಲರ್, ಜೇಬಿನ ಮೂಲೆ, ಸೊಂಟದ ಎಲಾಸ್ಟಿಕ್ ಮುಟ್ಟಿ. ಬೂಷ್ಟು ಶುರುವಾಗೋದು ಅಲ್ಲಿಂದ.

ಇನ್ನು ಎಳೆಗಳ ಸಂದಿನ ನೀರು. ಇದು ನೂಲಿನ ವಿಷಯ, ಅಂಗಡಿಯಲ್ಲಿ ಯಾರೂ ಹೇಳಲ್ಲ. ಹತ್ತಿ ನೂಲಿನ ಕೌಂಟ್ ಅಂದರೆ ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಅಂತ. ನಂಬರ್ ಹೆಚ್ಚಿದಷ್ಟೂ ನೂಲು ಸಣ್ಣ, ಸಂದಿನಲ್ಲಿ ನಿಲ್ಲುವ ನೀರೂ ಕಡಿಮೆ. 40ರ ನೂಲಾದರೆ 454 ಗ್ರಾಂನಲ್ಲಿ ಸುಮಾರು 30 ಕಿಲೋಮೀಟರ್ ಉದ್ದ ಬರುತ್ತೆ. ಜೀನ್ಸ್ ಬಟ್ಟೆಗೆ 7ರಿಂದ 10ರ ನೂಲು ಸಾಮಾನ್ಯ, ಅದಕ್ಕೇ ಜೀನ್ಸ್ ಮೂರು ದಿನ ಒದ್ದೆ. ಹುರಿ, ಅಂದರೆ ನೂಲನ್ನ ತಿರುಚಿದ ಬಿಗಿಯೂ ಮುಖ್ಯ: ಸಡಿಲ ಹುರಿಯ ನೂಲು ಮೃದು, ಆದರೆ ಸ್ಪಂಜಿನ ಹಾಗೆ ನೀರು ಹಿಡಿಯುತ್ತೆ. ಗಟ್ಟಿ ಹುರಿಯದು ಬೇಗ ಬಿಡುತ್ತೆ. ದಪ್ಪ ಟರ್ಕಿ ಟವೆಲ್ ಬಿಟ್ಟು ಕೇರಳದ ತೋರ್ತು ತಗೊಳ್ಳಿ. ಎರಡೂ ಹತ್ತಿಯೇ, ಆದರೆ ತೋರ್ತಿನಲ್ಲಿ ಕುಣಿಕೆ ಇಲ್ಲದ ತೆಳು ನೆಯ್ಗೆ. ಶರ್ಟಿಗೆ 60ರ ನೂಲಿನ ತೆಳು ಹತ್ತಿ, ದಿನಬಳಕೆಯ ಪ್ಯಾಂಟಿಗೆ ಪಾಲಿಯೆಸ್ಟರ್ ಹೆಚ್ಚಿರುವ ಮಿಕ್ಸ್ ನನ್ನ ಆಯ್ಕೆ.

ಬರೀ ಪಾಲಿಯೆಸ್ಟರ್ ಯಾಕೆ ಬೇಡ ಅಂದರೆ, ಅದು ನೀರನ್ನ ಒಲ್ಲೆ ಅನ್ನುತ್ತೆ, ಎಣ್ಣೆಯನ್ನ ಹಿಡಿದುಕೊಳ್ಳುತ್ತೆ. ಬೆವರಿನ ಜಿಡ್ಡು ಅದರ ಮೈಗೆ ಅಂಟಿ, ಒಗೆದ ಮೇಲೂ ಕಂಕುಳ ವಾಸನೆ ಉಳಿಯುತ್ತೆ. ಒಳಉಡುಪು ತೆಳು ಹತ್ತಿಯದೇ ಇರಲಿ. ವಿಸ್ಕೋಸ್ ಕುರ್ತಿ ಮಳೆಗಾಲಕ್ಕೆ ಆಗಿಬರಲ್ಲ. ಹತ್ತಿ ಒದ್ದೆಯಾದಾಗ ಶೇ. 10–20ರಷ್ಟು ಗಟ್ಟಿಯಾದರೆ, ವಿಸ್ಕೋಸ್ ಒದ್ದೆಯಲ್ಲಿ ಅರ್ಧದಷ್ಟು ಬಲ ಕಳ್ಕೊಳ್ಳುತ್ತೆ. ಹಿಂಡಿದರೆ ಹೊಲಿಗೆ ಹತ್ತಿರ ಪಿಸಿಯುತ್ತೆ.

ಸ್ವೆಟರ್ ಕೊಳ್ಳುವಾಗ "ಉಣ್ಣೆ" ಅಂದದ್ದನ್ನ ನಂಬಬೇಡಿ, ಸುಟ್ಟು ನೋಡಿ. ಒಳಹೊಲಿಗೆಯಿಂದ ಎರಡು ಇಂಚು ಎಳೆ ತೆಗೆದು, ಸ್ಟೀಲ್ ತಟ್ಟೆಯ ಮೇಲೆ ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿ. ಉಣ್ಣೆ ಒಲ್ಲದ ಮನಸ್ಸಿನಿಂದ ಉರಿಯುತ್ತೆ, ಕೂದಲು ಸುಟ್ಟ ವಾಸನೆ ಬರುತ್ತೆ. ಉಳಿದ ಕಪ್ಪು ಗುಂಡು ಬೆರಳಲ್ಲಿ ಒತ್ತಿದರೆ ಪುಡಿ. ಅಕ್ರಿಲಿಕ್ ಭಗ್ಗನೆ ಹೊತ್ತಿ ಕರಗಿ ಹೊಗೆಯಾಡುತ್ತೆ, ಗುಂಡು ಕಲ್ಲಿನ ಹಾಗೆ ಗಟ್ಟಿ. ಹತ್ತಿಯಾದರೆ ಕಾಗದದ ವಾಸನೆ, ಮೆತ್ತನೆ ಬೂದಿ. ಮಿಕ್ಸ್ ನೂಲಿನಲ್ಲಿ ಎರಡರ ಗುರುತೂ ಸಿಗುತ್ತೆ. ಗುಂಡು ಆರುವ ತನಕ ಮುಟ್ಟಬೇಡಿ. ನಿಜವಾದ ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವ ಹೀರಿಯೂ ಒದ್ದೆ ಅನ್ನಿಸಲ್ಲ, ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತೆ. ಕಂಬಳಿ ಕೊಪ್ಪೆ ಹಾಕಿ ಗದ್ದೆಗಿಳಿದವರು ಬೆಚ್ಚಗಿರುತ್ತಿದ್ದದ್ದು ಹೀಗೆ.

ಕುಪ್ಯ ಉಣ್ಣೆಯದಾದರೆ ಅದಕ್ಕೆ ಬೂಷ್ಟಿಗಿಂತ ನುಸಿಯ ಭಯ ಹೆಚ್ಚು. ಉಣ್ಣೆ ತಿನ್ನೋದು ನುಸಿಯ ಪತಂಗ ಅಲ್ಲ, ಅದರ ಹುಳು; ಅದಕ್ಕೆ ಬೆವರು, ಊಟದ ಕಲೆ ಇರುವ ಜಾಗ ಇಷ್ಟ. ಕೈಲ್‌ಪೊಳ್ದ್ ಹಬ್ಬಕ್ಕೆ ಹಾಕಿದ ಕುಪ್ಯವನ್ನ ಹಾಗೇ ಬೀರುವಿಗೆ ಸೇರಿಸದೆ ಒಂದು ದಿನ ಗಾಳಿಗೆ ಹಾಕಿ, ಕಾಲರ್ ಮಡಿಕೆ, ಕಂಕುಳು ಬ್ರಷ್ ಮಾಡಿ. ಹುಳ ಬಿದ್ದಿದ್ದರೆ ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ, ಹೊರಗೆ ತೆಗೆದ ಮೇಲೆ ತಣ್ಣಗಿರುವುದು ಪೂರ್ತಿ ಹೋಗುವ ತನಕ ಕಟ್ಟು ಬಿಚ್ಚಬೇಡಿ.

ಚೇಲೆ (ಕುಪ್ಯದ ಮೇಲೆ ಸೊಂಟಕ್ಕೆ ಕಟ್ಟುವ ರೇಷ್ಮೆ ಪಟ್ಟಿ), ಸೀರೆಗಳ ರೇಷ್ಮೆ ಅಷ್ಟು ಬೇಗ ಹಾಳಾಗಲ್ಲ, ಕೆಡೋದು ಜರಿ. ಬೆಳ್ಳಿ ಜರಿ ಕಪ್ಪಾಗುತ್ತೆ, ತಾಮ್ರದ ಜರಿ ಹಸಿರು ಕಟ್ಟುತ್ತೆ. ಗಂಜಿ ಪೂರ್ತಿ ಹೋಗುವಂತೆ ಎರಡು ಮೂರು ಸಲ ಒಗೆದ ಹಳೇ ಪಂಚೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರ್ ಬೇಡ, ನುಸಿಗುಳಿಗೆ ಜರಿಗೆ ತಾಗಬಾರದು. ಬೀರುವಿನ ತಳದಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ನೆಟ್ಟಗೆ ಇಡಿ, ಕೂಡಿದ ನೀರನ್ನ ವಾರಕ್ಕೊಮ್ಮೆ ನೋಡಿ ಚೆಲ್ಲಿ. ಆ ನೀರು ಬಟ್ಟೆಗೆ ಬಿದ್ದರೆ ಕಲೆ.

ಬೂಷ್ಟು ಬಂದೇಬಿಟ್ಟಿದ್ದರೆ ಮೊದಲು ಮನೆ ಹೊರಗೆ, ಒಣಗಿದ್ದಾಗಲೇ ಬ್ರಷ್ ಮಾಡಿ. ಒದ್ದೆ ಮಾಡಿ ಉಜ್ಜಿದರೆ ಕಲೆ ಒಳಗಿಳಿಯುತ್ತೆ. ಬಿಳಿ ಹತ್ತಿಗೆ ಒಂದು ಲೀಟರ್ ತಣ್ಣೀರಿಗೆ 10–15 ಮಿಲಿ ಮನೆಬಳಕೆಯ ಕ್ಲೋರಿನ್ ಬ್ಲೀಚ್, ಹತ್ತು ನಿಮಿಷ ಸಾಕು. ಉಣ್ಣೆ, ರೇಷ್ಮೆಗೆ ಇದನ್ನ ತೋರಿಸಲೂಬೇಡಿ, ಎಳೆಯೇ ಕರಗುತ್ತೆ. ಮಳೆ ಬಿಟ್ಟ ಮೇಲೆ ಪುತ್ತರಿ ಸುಗ್ಗಿ ಹಬ್ಬ ಬರುವುದರೊಳಗೆ ಒಂದು ದಿನ ರೇಷ್ಮೆಯನ್ನೆಲ್ಲ ನೆರಳಲ್ಲಿ ಹರಡಿ, ಹಳೇ ಮಡಿಕೆ ಬಿಟ್ಟು ಬೇರೆ ಕಡೆ ಮಡಚಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ಸೀರೆ ಆ ಗೆರೆಯಲ್ಲೇ ಸೀಳುತ್ತೆ.