ಬೇಸಿಗೆ ರಜೆಯಲ್ಲಿ ದಿಕ್ಕು ತಪ್ಪಿದ ದಿನಚರಿ: ಆಟಿಸಂ ಇರುವ ಹುಡುಗನ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಒಂಬತ್ತು ವರ್ಷದ ಹುಡುಗ, ಮೂರನೇ ತರಗತಿ ಮುಗಿಸಿದ್ದಾನೆ. ಆಟಿಸಂ (ಮಾತು, ಇತರರೊಂದಿಗೆ ಬೆರೆಯುವುದು, ಬದಲಾವಣೆಗೆ ಹೊಂದಿಕೊಳ್ಳುವುದು ಕಷ್ಟವಾಗುವ ಬೆಳವಣಿಗೆಯ ಸ್ಥಿತಿ) ಇದೆ. ಎರಡು ಮೂರು ಪದ ಸೇರಿಸಿ ಮಾತಾಡುತ್ತಾನೆ, ಚಿತ್ರ ತೋರಿಸಿದರೆ ಬೇಗ ಗ್ರಹಿಸುತ್ತಾನೆ. ಏಪ್ರಿಲ್ ಎರಡನೇ ವಾರ ರಜೆ ಶುರುವಾಯಿತು. ಮೊದಲ ನಾಲ್ಕೈದು ದಿನ ಬೆಳಿಗ್ಗೆ ಎಂಟಕ್ಕೆ ಯೂನಿಫಾರಂ ಹಾಕಿಕೊಂಡು ಗೇಟಿನ ಬಳಿ ವ್ಯಾನಿಗೆ ಕಾಯ್ದ. ಆಮೇಲೆ ಮಲಗುವುದು ರಾತ್ರಿ ಒಂದಕ್ಕೆ, ಏಳುವುದು ಹತ್ತೂವರೆಗೆ ಎಂದಾಯಿತು. ಮೊಬೈಲ್ ಕಿತ್ತುಕೊಂಡರೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದ. “ಶಾಲೆ ಇದ್ದಾಗ ಚೆನ್ನಾಗೇ ಇದ್ದ ಮೇಡಂ, ರಜೆಯಲ್ಲಾದ್ರೂ ಆರಾಮಾಗಿರಲಿ ಅಂತ ಬಿಟ್ವಿ” ಎಂದರು ಸಲಹೆಗೆಂದು ನಮ್ಮಲ್ಲಿಗೆ ಕರೆತಂದ ತಾಯಿ. ಅಜ್ಜಿಯ ಪ್ರಕಾರ ಇದು ಬರೀ ಹಠ.

ಹಠವಾಗಿದ್ದರೆ ಮೊಬೈಲ್ ವಾಪಸ್ ಕೊಟ್ಟ ಕೂಡಲೇ ನಿಲ್ಲಬೇಕಿತ್ತು. ಇವನು ವಾಪಸ್ ಕೊಟ್ಟದ್ದನ್ನೂ ಎಸೆಯುತ್ತಾನೆ. ಪ್ರತಿ ರಂಪಕ್ಕೂ ಮುಂಚೆ ಏನಾಯಿತು, ಆಗ ಏನು ಮಾಡಿದ, ಆಮೇಲೆ ಮನೆಯವರು ಏನು ಮಾಡಿದರು ಎಂದು ಒಂದೊಂದು ಸಾಲು ಬರೆದುಕೊಂಡು ಬರಲು ಹೇಳಿದೆವು. ಹೆಚ್ಚಿನವು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗೆ, ಅದರಲ್ಲೂ ಕರೆಂಟ್ ಹೋದಾಗ. ಆ ಹೊತ್ತಿಗೆ ಮಾಡಲು ಏನೂ ಇಲ್ಲ, ಸೆಕೆ ಬೇರೆ. ಎರಡು ಮೂರು ದಿನ ಮಲವಿಸರ್ಜನೆ ಆಗದಿದ್ದಾಗ ರಂಪ ಇನ್ನೂ ಜಾಸ್ತಿ. ಬಾಯಾರಿಕೆ, ಹೊಟ್ಟೆನೋವನ್ನು ಹೇಳಿಕೊಳ್ಳಲು ಬಾರದ ಮಕ್ಕಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. 200 ಮಿಲೀ ಬಾಟಲಿಗೆ ಗೆರೆ ಹಾಕಿ ಒಂದೂವರೆ ಗಂಟೆಗೊಮ್ಮೆ ಅರ್ಧ ಕುಡಿಸಲು, ಮಲಬದ್ಧತೆಗೆ ಮಕ್ಕಳ ವೈದ್ಯರನ್ನು ಕಾಣಲು ತಿಳಿಸಿದೆವು.

ನಿದ್ದೆಯ ವಿಷಯದಲ್ಲಿ ತಂದೆತಾಯಿ ಒಂಬತ್ತಕ್ಕೇ ದೀಪ ಆರಿಸಿ ಸೋತಿದ್ದರು. ಬೇಗ ಮಲಗಿಸಲು ಹೋಗಬೇಡಿ, ಬೇಗ ಎಬ್ಬಿಸಿ ಎಂದೆವು. ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತಂದರೆ ಹತ್ತೂವರೆಯಿಂದ ಏಳಕ್ಕೆ ಬರಲು 28 ದಿನ ಬೇಕು. ಮೇ ಕೊನೆಗೆ ಶಾಲೆ ತೆರೆಯುವುದರಿಂದ ಅವತ್ತೇ ಶುರುಮಾಡಬೇಕಿತ್ತು. ಎದ್ದ ಕೂಡಲೇ ಕಿಟಕಿ ತೆರೆದು ಬೆಳಕು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರಕೂಡದು.

ಗೋಡೆ ಕ್ಯಾಲೆಂಡರಿನಲ್ಲಿ ಶಾಲೆ ತೆರೆಯುವ ದಿನಕ್ಕೆ ವ್ಯಾನಿನ ಫೋಟೊ ಅಂಟಿಸಿ, ಪ್ರತಿ ರಾತ್ರಿ ಅವನ ಕೈಯಲ್ಲೇ ಒಂದು ದಿನ ಹೊಡೆದುಹಾಕಿಸಬೇಕು. “ರಜೆ” ಎಂದು ಬಾಯಲ್ಲಿ ಎಷ್ಟು ಹೇಳಿದರೂ ಅದಕ್ಕೆ ಕೊನೆಯುಂಟು ಎಂಬುದು ಅವನಿಗೆ ಕಾಣುವುದು ಇಲ್ಲಿ ಮಾತ್ರ. ದಿನಚರಿಗೆ ಅಂಗೈಯಗಲದ ಕಾರ್ಡುಗಳು, ಅರ್ಧ ದಿನಕ್ಕೆ ಐದೇ: ತಿಂಡಿ, ಸ್ನಾನ, ನೀರಾಟ, ಊಟ, ಮೊಬೈಲ್. ಚಿತ್ರಗಳು ಅವನದೇ ತಟ್ಟೆ, ಅವನದೇ ಬಚ್ಚಲಿನ ಫೋಟೊ ಆಗಿರಲಿ. ಮುಗಿದದ್ದನ್ನು ಅವನೇ ಕಿತ್ತು ಡಬ್ಬಿಗೆ ಹಾಕುತ್ತಾನೆ. ಈ ಮನೆಯಲ್ಲಿ ಹಿಂದೊಮ್ಮೆ ಹದಿನಾಲ್ಕು ಚಿತ್ರಗಳ ಪಟ್ಟಿ ಮಾಡಿ, ಬೈಯುವಾಗ ಮಾತ್ರ ತೋರಿಸಿ, ವಾರದಲ್ಲಿ ಕೈಬಿಟ್ಟಿದ್ದರು. ಪಟ್ಟಿ ಬೆದರಿಕೆಯಾದರೆ ಹುಡುಗ ಅದನ್ನೇ ಹರಿಯುತ್ತಾನೆ.

ಮೊಬೈಲನ್ನು ಒಮ್ಮೆಲೇ ನಿಲ್ಲಿಸಬೇಡಿ ಎಂದದ್ದು ತಂದೆಗೆ ಹಿಡಿಸಲಿಲ್ಲ. ದಿನಕ್ಕೆ ಮೂರು ಹೊತ್ತು, ಮೊದಲೇ ಡೌನ್‌ಲೋಡ್ ಮಾಡಿದ ವಿಡಿಯೊ, ಆಟೊಪ್ಲೇ ಬಂದ್. ನಿಮಿಷ ಎಣಿಸಿ ನಡುವೆ ಕಸಿಯುವ ಬದಲು ವಿಡಿಯೊ ಮುಗಿದಾಗ ನಿಲ್ಲಿಸಿ, ಕೂಡಲೇ ಅವನಿಗಿಷ್ಟವಾದ ಮಾವಿನಹಣ್ಣು. ಕರೆಂಟ್ ಹೋಗುವುದಕ್ಕೂ ಒಂದು ಕಾರ್ಡ್, ಒಂದು ಬುಟ್ಟಿ: ಟಾರ್ಚ್, ಬೀಸಣಿಗೆ, ಒದ್ದೆ ಟವೆಲ್. ಕರೆಂಟ್ ಇದ್ದಾಗಲೇ ಎರಡು ನಿಮಿಷ ಟಿವಿ ಆರಿಸಿ ರೂಢಿ ಮಾಡಿಸಬೇಕು.

ದುಡ್ಡು ಕಟ್ಟಿದ್ದ ಸಮ್ಮರ್ ಕ್ಯಾಂಪನ್ನು ಬಿಡಿಸಿದೆವು. ನಲವತ್ತು ಮಕ್ಕಳ ಗದ್ದಲ, ದಿನಕ್ಕೊಂದು ಹೊಸ ಚಟುವಟಿಕೆ. ಇವನಿಗೆ ಬೇಕಿದ್ದದ್ದು ಅದರ ತದ್ವಿರುದ್ಧ.

ಮೇ ನಡುವೆ ಸೋದರಮಾವನ ಮದುವೆ ಇತ್ತು. ತಪ್ಪಿಸುವಂತಿಲ್ಲ. ಮುಹೂರ್ತಕ್ಕೆ ಮಾತ್ರ ಹೋಗುವುದು, ಮನೆಯ ಮೊಸರನ್ನ ಡಬ್ಬಿಯಲ್ಲಿ ಒಯ್ಯುವುದು, ಕಿವಿ ಮುಚ್ಚುವ ಇಯರ್‌ಮಫ್ ಅನ್ನು ಒಂದು ವಾರ ಮೊದಲಿನಿಂದ ದಿನಕ್ಕೆ ಹತ್ತು ನಿಮಿಷ ಹಾಕಿಸುವುದು. ಹೊಸದನ್ನು ಛತ್ರದಲ್ಲೇ ಹಾಕಿಸಲು ಹೋದರೆ ಅದೇ ಇನ್ನೊಂದು ಹಿಂಸೆ. ಗಟ್ಟಿಮೇಳಕ್ಕೆ ಐದು ನಿಮಿಷ ಮುಂಚೆಯೇ ಹೊರಗಿನ ಜಗಲಿಗೆ ಕರೆದೊಯ್ಯಬೇಕು. ಆ ದಿನ ಬೇರೆ ಯಾವ ಕೆಲಸವೂ ಇಲ್ಲದ ಒಬ್ಬರು ಅವನ ಜೊತೆಗಿರಬೇಕು. ತಾಯಿಯೊಬ್ಬಳೇ ಅಲ್ಲ, ತಂದೆಯೂ ಸರದಿ ತೆಗೆದುಕೊಳ್ಳಬೇಕು. ನೆಂಟರು ಕೇಳಿದರೆ “ಅವನಿಗೆ ಸದ್ದು ತಡೆಯಲ್ಲ” ಎಂದಷ್ಟೇ. ಈ ಉತ್ತರ ಕೊಡುವ ಕೆಲಸವನ್ನು ಅಜ್ಜಿಗೇ ವಹಿಸಿದೆವು. ಹಿರಿಯರ ಬಾಯಲ್ಲಿ ಬಂದರೆ ಯಾರೂ ಎದುರಾಡುವುದಿಲ್ಲ.

ತಲೆ ಚಚ್ಚಿಕೊಳ್ಳುವಾಗ ಗೋಡೆಗೂ ತಲೆಗೂ ನಡುವೆ ದಿಂಬು ಹಿಡಿಯಿರಿ, ಉಳಿದವರನ್ನು ಹೊರಗೆ ಕಳಿಸಿ, ಮಾತು ನಿಲ್ಲಿಸಿ. ಶಾಂತನಾದ ಮೇಲೂ ಇಪ್ಪತ್ತು ನಿಮಿಷ ಬುದ್ಧಿಮಾತು ಬೇಡ. ತಲೆಗೆ ಪೆಟ್ಟಾಗಿ ವಾಂತಿ, ಮಂಕು ಕಂಡರೆ, ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ. ತಾಯಿಗೂ ನಿದ್ದೆಯಿರಲಿಲ್ಲ, ಸಂಜೆ ಒಂದು ಗಂಟೆ ಹುಡುಗನ ಹೊಣೆ ತಂದೆಗೆ. ತೀರಾ ಸೋತಾಗ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಮೂರನೇ ಭೇಟಿಯ ಹೊತ್ತಿಗೆ ಏಳುವ ಸಮಯ ಎಂಟಕ್ಕೆ ಬಂದಿತ್ತು. ಮಧ್ಯಾಹ್ನದ ರಂಪ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಮದುವೆಯಲ್ಲಿ ಮುಕ್ಕಾಲು ಗಂಟೆ ಇದ್ದ. ಶಾಲೆಗೆ ಮುಂಚಿನ ವಾರಕ್ಕೆ ಉಳಿದ ಕೆಲಸಗಳು: ಹೊಸ ಶೂ ಮನೆಯೊಳಗೆ ದಿನಕ್ಕೆ ಕಾಲು ಗಂಟೆ, ಹೊಸ ಯೂನಿಫಾರಂ ಎರಡು ಸಲ ಒಗೆದು ಕತ್ತಿನ ಲೇಬಲ್ ಕತ್ತರಿಸುವುದು, ನಾಲ್ಕನೇ ತರಗತಿ ಟೀಚರ್ ಫೋಟೊ ಕೇಳಿ ತರುವುದು, ಶಾಲೆಯವರು ಒಪ್ಪಿದರೆ ಖಾಲಿ ಕ್ಲಾಸ್‌ರೂಮಿನಲ್ಲಿ ಅವನ ಜಾಗದಲ್ಲಿ ಹತ್ತು ನಿಮಿಷ ಕೂರಿಸುವುದು.